ಹಡಗುಕಟ್ಟೆಯ ಕೆಳಗೊಂದು ಕಗ್ಗಲಿ ಕಾಡು

ವಾಶಿ ಸೇತುವೆಯ ಅಡಿಯ ಠಾಣೆ ಖಾಡಿ ದಕ್ಷಿಣಕ್ಕೆ ಸಾಗಿ ಮುಂಬಯಿ ಬಂದರಿನ ಕೊಲ್ಲಿಗೆ ತೆರೆದುಕೊಳ್ಳುತ್ತದೆ. ಆ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ, 1870ರ ದಶಕದಲ್ಲಿ, ಪ್ರಿನ್ಸಸ್ ಡಾಕ್ ಕಟ್ಟಲು ಅಗೆತ ನಡೆದಿತ್ತು. ಸಮುದ್ರವನ್ನು ಹೊರಗೆ ತಡೆದು ಗಟ್ಟಿ ನೀಲಿ ಜೇಡಿಯನ್ನು ತೆಗೆಯುತ್ತ ಹೋದವರಿಗೆ ಕೆಳಗೆ ಮರಗಳು ಸಿಕ್ಕವು. ಮುಳುಗಿದ ಹಡಗಿನ ತೊಲೆಗಳಲ್ಲ, ಬೆಳೆದ ಜಾಗದಲ್ಲೇ ಬೇರೂರಿದ್ದ ಮರಗಳು. ಒಟ್ಟು 382. ಅವುಗಳಲ್ಲಿ 223 ಇನ್ನೂ ನೆಟ್ಟಗೆ ನಿಂತಿದ್ದವು!

ಕಾಮಗಾರಿಯ ಇಂಜಿನಿಯರ್ ಜಿ. ಇ. ಆರ್ಮಿಸ್ಟನ್ ಇದನ್ನು ಬರೆದಿಟ್ಟರು. 1878ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಪುಟದಲ್ಲಿ ಅವರ ಬರಹ ಅಚ್ಚಾಯಿತು.

ಮರ ಯಾವುದೆಂಬುದರಲ್ಲೇ ಇದರ ಸ್ವಾರಸ್ಯವಿದೆ. ಅದು ಖೈರ್, ಅಂದರೆ ನಮ್ಮ ಕಗ್ಗಲಿ. ಎಲೆಯಡಿಕೆಗೆ ಹಾಕುವ ಕಾಚು ಬರುವುದು ಇದರ ತಿರುಳಿನಿಂದ. ರಾಯಗಡ, ಠಾಣೆ ಸೀಮೆಯ ಕಾತಕರಿ ಜನರಿಗೆ ಆ ಹೆಸರು ಬಂದದ್ದೂ ಈ ಕಾಚಿನ ಕಸುಬಿನಿಂದಲೇ. ಖಾಡಿಯ ದಂಡೆಯ ಕಾಂಡ್ಲಾ ಗಿಡಗಳಂತೆ ಕಗ್ಗಲಿ ಉಪ್ಪುನೀರಿನಲ್ಲಿ ಬೆಳೆಯುವುದಿಲ್ಲ, ಅದಕ್ಕೆ ಒಣ ನೆಲವೇ ಬೇಕು. ಹಾಗಾದರೆ ಹಡಗು ನಿಲ್ಲಿಸಲೆಂದು ಅಗೆದ ಆ ತಳ ಒಂದು ಕಾಲಕ್ಕೆ ಉಬ್ಬರದ ನೀರು ಮುಟ್ಟದ ಕಾಡಾಗಿತ್ತು. ಮುಂದೆ ಅಲೆಕ್ಸಾಂಡ್ರಾ ಡಾಕ್ ಅಗೆಯುವಾಗಲೂ ಇಂಥದೇ ಮುಳುಗಿದ ಕಾಡು ಕಂಡಿತು.

ಕಾಡು ಹೇಗೆ ಮುಳುಗಿತು? ನೆಲ ಕುಸಿಯಿತೇ, ಕಡಲು ಏರಿತೇ ಎಂಬ ಚರ್ಚೆ ಭೂವಿಜ್ಞಾನಿಗಳಲ್ಲಿ ಬಹುಕಾಲ ನಡೆಯಿತು. ಮುಂಬಯಿ ಅದಕ್ಕೆ ಸುಲಭದ ಉತ್ತರ ಕೊಡುವ ಊರಲ್ಲ. ದ್ವೀಪದ ಪೂರ್ವಕ್ಕೆ ಮರಗಳು ನೀರಿನಡಿ ಸೇರಿದ್ದರೆ, ಪಶ್ಚಿಮದಲ್ಲಿ ಕಡಲ ಚಿಪ್ಪು ಬೆರೆತ ಹಳೆಯ ತೀರದ ಪದರಗಳು ಇಂದಿನ ಅಲೆಗಳಿಗಿಂತ ಮೇಲೆ ಕುಳಿತಿವೆ.

ಕಡಲು ಏರಿದ್ದಂತೂ ನಿಜ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಜಗತ್ತಿನ ಕಡಲ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. 1974ರಲ್ಲಿ ತೈಲ ಸಿಕ್ಕ ಬಾಂಬೆ ಹೈ ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ಆಚೆಗಿದೆ. ಅಲ್ಲಿ ನೀರಿನ ಆಳ ಸುಮಾರು 75 ಮೀಟರ್ ಮಾತ್ರ. ಅಂದರೆ ಇಂದು ತೈಲದ ವೇದಿಕೆಗಳು ನಿಂತಿರುವಷ್ಟು ದೂರದವರೆಗೂ ಅಂದು ಬಯಲು ಹಬ್ಬಿತ್ತು. ಬ್ರಿಟನ್ ಮತ್ತು ಯುರೋಪಿನ ನಡುವೆ ಹೀಗೇ ಮುಳುಗಿದ ಬಯಲನ್ನು ಡಾಗರ್‌ಲ್ಯಾಂಡ್ ಎನ್ನುತ್ತಾರೆ. 1931ರಲ್ಲಿ ಕೊಲಿಂಡಾ ಎಂಬ ಮೀನುದೋಣಿಯ ಬಲೆಗೆ ಅಲ್ಲಿಂದ ಜಿಂಕೆಗೊಂಬಿನ ಈಟಿಮೊನೆ ಬಂದಿತ್ತು. ಆ ಬಯಲಿಗೆ ಹೆಸರಿದೆ, ನಕ್ಷೆಗಳಿವೆ. ನಮ್ಮ ಬಯಲಿಗೆ ಶಾಲೆಯ ಪಾಠದಲ್ಲಿ ಒಂದು ಸಾಲೂ ಸಿಗುವುದು ಕಷ್ಟ. ಮುಂಬಯಿಯ ಚರಿತ್ರೆ ಏಳು ದ್ವೀಪಗಳಿಂದಲೇ ಶುರುವಾಗುತ್ತದೆಂಬ ಅಭ್ಯಾಸ ಅಷ್ಟು ಬಲವಾಗಿದೆ.

ವಾಶಿಯಲ್ಲಿ ಕಡಲು ಮತ್ತು ನೆಲದ ಗಡಿಯನ್ನು ಮನುಷ್ಯರೇ ಸರಿಸಿದ್ದಾರೆ. 1970ರಲ್ಲಿ ನವಿ ಮುಂಬಯಿ ಕಟ್ಟುವ ಸಿಡ್ಕೊ ಸಂಸ್ಥೆ ಹುಟ್ಟಿದ ಮೇಲೆ ಖಾಡಿಯಂಚಿನ ಜೌಗು, ಗದ್ದೆಗಳ ಮೇಲೆ ಮಣ್ಣು ತುಂಬಿ ಸೆಕ್ಟರ್‌ಗಳು ಎದ್ದವು. ಆಚೆ ದಂಡೆಯಲ್ಲಿ ಪ್ರಿನ್ಸಸ್ ಡಾಕನ್ನೂ ಕಂಟೇನರ್ ಅಂಗಳಕ್ಕಾಗಿ ಮುಚ್ಚಲಾಯಿತು. ಆರ್ಮಿಸ್ಟನ್ ಅಂದು ಮರಗಳನ್ನು ಎಣಿಸದಿದ್ದರೆ ಆ ಕಾಡಿನ ಸುದ್ದಿಯೂ ಮಣ್ಣಿನೊಂದಿಗೇ ಹೋಗುತ್ತಿತ್ತು. ಸೇತುವೆ, ಮೆಟ್ರೋಗಳಿಗೆಂದು ಈ ಖಾಡಿಯ ಸುತ್ತ ಇಂದಿಗೂ ಕೆಸರು ದಾಟಿ ಕಪ್ಪುಕಲ್ಲಿನವರೆಗೆ ಕೊರೆಯುತ್ತಾರೆ. ಅಲ್ಲಿ ಮೇಲೆ ಬರುವ ಪ್ರತಿ ಪದರದ ಮಾದರಿಯೂ ಭೂವಿಜ್ಞಾನಿಯೊಬ್ಬರ ಕಣ್ಣಿಗೆ ಬೀಳುವಂತೆ ಗುತ್ತಿಗೆಯಲ್ಲೇ ಷರತ್ತು ಹಾಕಬೇಕು.