ಪರಾಗ ಅಲರ್ಜಿ: ಉಕ್ಕಡಂನಲ್ಲಿ ಇರುವವರು ಲೆಕ್ಕ ಇಡುವುದು ಹೇಗೆ?

ಬೆಳಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು, ಕಣ್ಣು ತುರಿಕೆ, ಮೂಗಲ್ಲಿ ನೀರು, ಆದರೆ ಜ್ವರ ಇಲ್ಲ. ಕೊಯಮತ್ತೂರಿನ ಉಕ್ಕಡಂನಲ್ಲಿ ಕೆಲಸಕ್ಕಿರುವ ಹುಡುಗರು ಇದನ್ನು ನೆಗಡಿ ಅಂತ ಬಿಟ್ಟುಬಿಡುತ್ತಾರೆ. ಹೂವಿನ ಪರಾಗದ ಅಲರ್ಜಿಯೂ ಇರಬಹುದು. ಮಳೆಯ ನಂತರ ಖಾಲಿ ಜಾಗದಲ್ಲಿ ಹೂ ಬಿಡುವ ಕಾಂಗ್ರೆಸ್ ಗಿಡ, ತಮಿಳರು ಸೀಮೈ ಕರುವೇಲಂ ಎನ್ನುವ ಬಳ್ಳಾರಿ ಜಾಲಿ, ಎರಡರ ಪರಾಗವೂ ಅಲರ್ಜಿ ತರುವಂಥದ್ದು.

ಮ್ಯಾಂಚೆಸ್ಟರ್‌ನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಸ್ವತಃ ಈ ಕಾಯಿಲೆಯವರು. ಅಂಟು ಬಳಿದ ಗಾಜಿನ ಮೇಲೆ ಬಿದ್ದ ಪರಾಗ ಎಣಿಸಿ, ತನ್ನ ಸೀನಿನ ಜೊತೆ ಹೋಲಿಸಿ 1873ರಲ್ಲಿ ಪುಸ್ತಕ ತಂದರು. ಈಗ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಕಣ ಎಂದು ಎಣಿಸುತ್ತಾರೆ. ಮೊಬೈಲ್ ಆ್ಯಪ್ ತೋರಿಸುವ ಸಂಖ್ಯೆ ಹೆಚ್ಚಾಗಿ ಅಂದಾಜು, ಅದನ್ನೇ ನಂಬಿ ಕೂರಬಾರದು.

ಅಂಗಡಿಯ ದಿನದ ಲೆಕ್ಕದಂತೆ ಒಂದು ಪುಸ್ತಕ ಸಾಕು. ದಿನಾಂಕ, ಮಳೆ-ಗಾಳಿ, ಹೋದ ಜಾಗ, ಮೂಗು ಮತ್ತು ಕಣ್ಣಿಗೆ 0ಯಿಂದ 3ರವರೆಗೆ ಅಂಕ. ನುಂಗಿದ ಮಾತ್ರೆಯನ್ನೂ ಬರೆಯಬೇಕು. ಇಲ್ಲದಿದ್ದರೆ ಮಾತ್ರೆಯಿಂದ ನಿಂತ ಸೀನು ಪರಾಗ ಕಡಿಮೆಯಾದಂತೆ ಕಾಣುತ್ತದೆ, ಲೆಕ್ಕವೇ ತಪ್ಪು. ಗೋದಾಮಿನ ಧೂಳಿನ ದಿನಗಳಿಗೆ ಬೇರೆ ಗುರುತು ಹಾಕಿ. ವರ್ಷವಿಡೀ ಹಾಸಿಗೆಯಲ್ಲೇ ಸೀನು ಬಂದರೆ ಧೂಳಿನ ನುಸಿಯ ಮೇಲೆ ಸಂಶಯ ಪಡಬೇಕು.

ಚರ್ಮದ ಅಲರ್ಜಿ ಪರೀಕ್ಷೆಗೆ ಹೋಗುವಾಗ ಪುಸ್ತಕ ಕೈಯಲ್ಲಿರಲಿ. ಅಲರ್ಜಿ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರಲ್ಲೇ ಕೇಳಿ. ಎದೆ ಬಿಗಿದು ಉಸಿರಿಗೆ ಕಷ್ಟವಾದರೆ ಪುಸ್ತಕ ಬರೆಯುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.