ಚಳಿಗಾಲದ ಊರ ದಾರಿ

ಡೊಂಬಿವಲಿಯ ನಮ್ಮ ಚಾಳಿನಲ್ಲಿ ಡಿಸೆಂಬರ್ ರಜೆ ಎಂದರೆ ಊರು; ಊರು ಎಂದರೆ ಉಡುಪಿ. ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನ ಮೇಳದ ಆಟ, ದೊಡ್ಡಮ್ಮನ ಮನೆಯಲ್ಲಿ ಭೂತಕೋಲ, ಅಂಗಳದ ತುಂಬ ನೆಂಟರು. ಆದರೆ ಹೋಗುವುದೇ ಕಷ್ಟ. ಊರಿಗೆ ರೈಲಿರಲಿಲ್ಲ; ಅಪ್ಪ ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ತಿರುವುಗಳಲ್ಲಿ ಹೊಟ್ಟೆ ತೊಳಸಿದರೆ ಅಮ್ಮ ನಿಂಬೆಹಣ್ಣು ಗೀರಿ ಮೂಗಿಗೆ ಹಿಡಿಯುತ್ತಿದ್ದಳು.

ದೇಶದ ಮೊದಲ ಪ್ರಯಾಣಿಕ ರೈಲು ಬೋರಿಬಂದರಿನಿಂದ ನಮ್ಮ ಪಕ್ಕದ ಠಾಣೆಗೆ ಬಂದದ್ದು 1853ರ ಏಪ್ರಿಲ್ 16ರಂದು. ಅಲ್ಲಿಂದ ಕರಾವಳಿಗುಂಟ ಮಂಗಳೂರಿಗೆ ಹಳಿ ಕೂಡಲು ಸುಮಾರು 145 ವರ್ಷ ಬೇಕಾಯಿತು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಆಗ ಅದರ ಮುಂದಾಳಾಗಿದ್ದರು. ರತ್ನಾಗಿರಿ ಬಳಿಯ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. 1998ರಲ್ಲಿ ದಾರಿ ಪೂರ್ತಿ ತೆರೆಯಿತು. ಅದೇ ವರ್ಷ ಆ ಹಳಿಯ ಮೇಲೆ ಮತ್ಸ್ಯಗಂಧ ರೈಲು ಓಡಿತು.

ಆ ಚಳಿಗಾಲ ನಾವು ಠಾಣೆಯಲ್ಲಿ ಹತ್ತಿ, ಬೆಳಗಾಗುವಾಗ ಊರ ಹಾದಿಯಲ್ಲಿದ್ದೆವು. ಹಿಂದಿರುಗುವಾಗ ಅಜ್ಜಿ ಕುಚ್ಚಲಕ್ಕಿ, ಹಲಸಿನ ಹಪ್ಪಳದ ಜೊತೆ, ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ಕೊಟ್ಟಳು. ಡೊಂಬಿವಲಿಯಲ್ಲಿ ಪೊಟ್ಟಣ ಬಿಚ್ಚಿದಾಗ ಹೂವು ಇನ್ನೂ ಬಾಡಿರಲಿಲ್ಲ. ಅಮ್ಮ ಅದನ್ನು ದೇವರಿಗಿಟ್ಟು ಅತ್ತಳು.