ಬಿಲ್ ಇಲ್ಲದ ಹಬ್ಬ: ತಾಂಡಾದ 'ಮೇರಾ' ಲೆಕ್ಕ

ಇವತ್ತಿನ ಎಪಿಸೋಡ್ ಹಬ್ಬದ ಖರ್ಚಿನ ಬಗ್ಗೆ. ದೀಪಾವಳಿ ಬಂತಂದ್ರೆ ಚನ್ನಗಿರಿ, ಹೊನ್ನಾಳಿ ಪೇಟೆಯ ಬಟ್ಟೆ ಅಂಗಡಿಗಳ ಮುಂದೆ ಕಾಲಿಡೋಕೆ ಜಾಗ ಇರಲ್ಲ. ಫೋನ್ ತೆಗೆದ್ರೆ ಕಂತಿನ ಆಫರ್. ಡಿಸೆಂಬರ್‌ನಲ್ಲಿ ಕ್ರಿಸ್ಮಸ್‌ಗೂ ಅದೇ ಆಫರ್, ಬಣ್ಣ ಮಾತ್ರ ಬೇರೆ. ನಾನು ಬಿ.ಕಾಂ. ಓದಿದವನು, ಹಬ್ಬ ಅಂದ ತಕ್ಷಣ ಖರ್ಚಿನ ಕಾಲಂ ಕಣ್ಣಿಗೆ ಬೀಳುತ್ತೆ. ನಮ್ಮ ಸೀಮೆಯಲ್ಲೇ ಆ ಕಾಲಂ ಹೆಚ್ಚುಕಮ್ಮಿ ಖಾಲಿ ಇರುವ ಒಂದು ಹಬ್ಬ ಇದೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಗೊತ್ತಲ್ಲ? ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಜಾಗ ಅಂತ ನಂಬಿ ಪ್ರತಿ ಫೆಬ್ರವರಿಯಲ್ಲಿ ಬಂಜಾರರು ದೂರದೂರದಿಂದ ಬರ್ತಾರೆ. ಬಂಜಾರರು, ಅಂದ್ರೆ ನಾವು ಲಂಬಾಣಿಗರು ಅನ್ನೋರು, ಆ ಕಾಲದಲ್ಲಿ ಎತ್ತಿನ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದ ವ್ಯಾಪಾರಿಗಳು. 1791-92ರಲ್ಲಿ ಕಾರ್ನ್‌ವಾಲಿಸ್ ಟಿಪ್ಪು ವಿರುದ್ಧ ಶ್ರೀರಂಗಪಟ್ಟಣಕ್ಕೆ ದಂಡೆತ್ತಿ ಬಂದಾಗ ಅವನ ಸೈನ್ಯಕ್ಕೆ ಧಾನ್ಯ ಮುಟ್ಟಿಸಿದ್ದೂ ಬಂಜಾರರೇ. ಹಾಗಾಗಿ ಇದನ್ನ ಕೈಯಲ್ಲಿ ಕಾಸಿಲ್ಲದವರ ಹಬ್ಬ ಅಂದ್ಕೋಬೇಡಿ.

ದೀಪಾವಳಿ ಅಮಾವಾಸ್ಯೆ ರಾತ್ರಿ ತಾಂಡಾದ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಹೊರಡ್ತಾರೆ. ಮೊದಲು ನಾಯಕನ ಮನೆ, ಆಮೇಲೆ ಮನೆಮನೆ. ಯಾಡಿಗೆ ಮೇರಾ, ಬಾಪುಗೆ ಮೇರಾ, ಅಣ್ಣನಿಗೆ ಮೇರಾ ಅಂತ ಒಬ್ಬೊಬ್ಬರನ್ನೂ ಹೆಸರಿಸಿ ಹಾರೈಸ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಹಾಕ್ತಾರೆ, ಒಂದಿಷ್ಟು ಚಿಲ್ಲರೆ ಕೊಡ್ತಾರೆ. ಮಾರನೇ ದಿನ ಹುಡುಗಿಯರೆಲ್ಲ ಹಾಡ್ತಾ ಕಾಡಿಗೋ ಹೊಲದ ಬದುವಿಗೋ ಹೋಗಿ ತಂಗಡಿಯಂಥ ಹೂ ತರ್ತಾರೆ, ಸಗಣಿ ಮುದ್ದೆಗೆ ಸಿಕ್ಕಿಸಿ ಮನೆ ಮುಂದೆ ಇಡ್ತಾರೆ. ತೀರಿಹೋದ ಹಿರಿಯರನ್ನ ನೆನೆದು ಕೆಂಡಕ್ಕೆ ತುಪ್ಪ, ಬೆಲ್ಲ, ಅನ್ನ ಹಾಕೋದೂ ಉಂಟು. ಎಣ್ಣೆ, ಬೆಲ್ಲ, ತುಪ್ಪ, ಹೂ, ಸಗಣಿ. ಬರೆದು ಕೂಡಿಸಿ ನೋಡಿ.

ಹೀಗ್ಯಾಕೆ? ನನ್ನ ಊಹೆ ಇದು: ಇಡೀ ಮನೆಯನ್ನೇ ಎತ್ತಿನ ಮೇಲೆ ಹೊರೋರಿಗೆ ಹಬ್ಬದ ಸಾಮಾನು ಅಂತ ಬೇರೆ ಹೊರೆ ಆಗಲ್ಲ. ಎಲ್ಲಿ ಬೀಡುಬಿಟ್ಟರೂ ಸಿಗೋದರಲ್ಲೇ ಹಬ್ಬ ಆಗಬೇಕಿತ್ತು.

ಆಮೇಲೆ ರೈಲು ಬಂತು, ಎತ್ತಿನ ವ್ಯಾಪಾರ ಮುರಿದುಬಿತ್ತು. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದ್ರು. ದೇಶದ ಹಲವು ಕಡೆ ಬಂಜಾರರಿಗೂ ಹುಟ್ಟು ಅಪರಾಧಿಗಳೆಂಬ ಹಣೆಪಟ್ಟಿ ಬಿತ್ತು. ಅದೇ ಒಂದು ಎಪಿಸೋಡ್ ಆಗುತ್ತೆ, ಇವತ್ತು ಬೇಡ.

ಈಗಿನ ತೊಂದರೆ ಬೇರೆ. ಮಳೆ ಕೈಕೊಟ್ಟರೆ ಜಗಳೂರು ಕಡೆಯಿಂದ ಎಷ್ಟೋ ಮನೆಯವರು ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗಿರ್ತಾರೆ. ಹಬ್ಬಕ್ಕೆ ವಾಪಸ್ ಬರೋ ಬಸ್ ಚಾರ್ಜೇ ಒಂದು ಖರ್ಚು. ಅದರ ಮೇಲೆ ಪಟಾಕಿ, ಹೊಸ ಬಟ್ಟೆ, ಪಕ್ಕದ ಮನೆಯವರ ಮುಂದೆ ಮರ್ಯಾದೆ. ಸಂಘದ ಸಾಲದ ವಾರದ ಕಂತು ಹಬ್ಬ ಅಂತ ನಿಲ್ಲಲ್ಲ. ಸಾಲ ವಸೂಲಿ ಕಿರುಕುಳ ತಡೆಯೋಕೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಅಲ್ಲಿಗೆ ಬಂದು ನಿಂತಿದೆ ಪರಿಸ್ಥಿತಿ.

ಹಳೇದೆಲ್ಲ ಚಂದ ಅಂತ ನಾನು ಹೇಳ್ತಿಲ್ಲ. ಮಕ್ಕಳು ಹೊಸ ಬಟ್ಟೆ ಕೇಳೋದು ತಪ್ಪೂ ಅಲ್ಲ. ಆದ್ರೆ ಸಾಲ ಮಾಡಿ ತಂದ ಪಟಾಕಿಗಿಂತ ಮೇರಾ ಕೇಳೋ ಹುಡುಗಿ ಊರಲ್ಲಿರೋದು ನನಗೆ ದೊಡ್ಡದಾಗಿ ಕಾಣುತ್ತೆ.

ನಿಮ್ಮ ತಾಂಡಾದಲ್ಲಿ ಹೋದ ದೀಪಾವಳಿಗೆ ದೀಪ ಹಿಡಿದು ಎಷ್ಟು ಹುಡುಗಿಯರು ಬಂದಿದ್ರು? ಅಜ್ಜಿ ಹತ್ರ ಅವರ ಕಾಲದಲ್ಲಿ ಎಷ್ಟಿದ್ರು ಅಂತಾನೂ ಕೇಳಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಕೇಳಿಸ್ತೀನಿ.